ಅಕ್ಕನ ಬಾಟಲಿಯ ಗುಳ್ಳೆಗಳು

ಪಂಕ್ಚರ್ ಹಾಕಿದ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುತ್ತದೆಯೇ ಎಂದು ನೋಡಿ ಕೊಡುವುದು ಎಲ್ಲ ಸೈಕಲ್ ಅಂಗಡಿಯವರೂ ಮಾಡುವ ಕೆಲಸ. ಎರಡು ಸಲ ಅದ್ದುತ್ತಿದ್ದವನು ಅನುಮಾನಪ್ಪ ಒಬ್ಬನೇ. ಮೊದಲನೆಯದು ಟ್ಯೂಬಿನ ಮೇಲಿನ ಅನುಮಾನಕ್ಕೆ, ಎರಡನೆಯದು ತನ್ನ ಕಣ್ಣಿನ ಮೇಲಿನ ಅನುಮಾನಕ್ಕೆ. ಗಿರಾಕಿಗಳು ಹೊತ್ತಾಯಿತೆಂದು ನಿಂತಲ್ಲೇ ಕುಣಿಯುತ್ತಿದ್ದರೂ ಅವನು ಟ್ಯೂಬನ್ನು ಒರೆಸಿ, ಉಸಿರು ಬಿಗಿಹಿಡಿದು, ಇನ್ನೊಮ್ಮೆ ಮುಳುಗಿಸುತ್ತಿದ್ದ. ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಅನುಮಾನಪ್ಪ ಎಂದು ಕರೆದವಳು ಅಕ್ಕ, ಮತ್ತು ಅಕ್ಕ ಕರೆದದ್ದೇ ಆ ಬೀದಿಯಲ್ಲಿ ಉಳಿಯುತ್ತಿತ್ತು.

ಅಂಗಡಿ ಅಕ್ಕನದು. ಟ್ಯೂಬನ್ನು ತಮ್ಮ ನೋಡಿದರೆ ಟಯರನ್ನು ಅಕ್ಕ ನೋಡುತ್ತಿದ್ದಳು. ಟಯರಿನೊಳಗೆ ಬೆರಳು ಹಾಕಿ ಸುತ್ತಲೂ ಸವರಿಕೊಂಡು ಬಂದು, ಮೊಳೆಯೋ ಗಾಜಿನ ಚೂರೋ ಮುಳ್ಳಿನ ತುದಿಯೋ ಸಿಕ್ಕಿದ ಮೇಲೆಯೇ ಟ್ಯೂಬನ್ನು ಒಳಗೆ ಕೂರಿಸಲು ಬಿಡುತ್ತಿದ್ದಳು. ಮುಳ್ಳು ಸಿಗದಿದ್ದರೆ ಗಿರಾಕಿ ಸಂಜೆಯವರೆಗೂ ಅಲ್ಲೇ ಕೂತಿರಬೇಕು.

ಇಂಥ ಅಕ್ಕನ ಕರುಳಿನಲ್ಲಿ ಕ್ಯಾನ್ಸರ್ ಬಂದು, ಅದನ್ನು ಕೊಯ್ದು ತೆಗೆದು, ಕೀಮೋ ಕೊಟ್ಟು, ಉದುರಿದ ಕೂದಲು ಮತ್ತೆ ಬಂದು, ಮನೆಯವರೆಲ್ಲ ಸದ್ಯ ಎಂದು ಕೂರುವ ಹೊತ್ತಿಗೆ ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೇಲೆ ಚುಕ್ಕೆಗಳು ಕಂಡವು. ಬಲಗಡೆ ಮೂರು, ಎಡಗಡೆ ಒಂದು.

ಸರ್ಜನ್ ಕುಳ್ಳಗಿನ ಹೆಂಗಸು. ಮಾತಾಡುವಾಗ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು.

"ಇದು ಬೇರೆ ಕಾಯಿಲೆ ಅಲ್ಲ. ಕರುಳಿನದೇ ಇಲ್ಲಿಗೆ ಬಂದು ಕೂತಿದೆ. ಎಲ್ಲರಿಗೂ ಆಪರೇಷನ್ ಮಾಡೋಕಾಗಲ್ಲ. ಇವರಿಗೆ ಬೇರೆಲ್ಲೂ ಹರಡಿಲ್ಲ, ಚುಕ್ಕೆಗಳು ಕಡಿಮೆ ಇವೆ, ಅದಕ್ಕೆ ಮಾಡಬಹುದು. ಮೊದಲು ಬಲಗಡೆ. ಅದು ಚೆನ್ನಾಗಿ ಹಿಗ್ಗಿ, ಗಾಳಿ ಸೋರದೆ ನಿಂತರೆ, ಕೆಲವು ವಾರ ಬಿಟ್ಟು ಎಡಗಡೆ."

"ನಿಲ್ಲದಿದ್ದರೆ?" ಎಂದ ಅನುಮಾನಪ್ಪ.

"ನಿಲ್ಲದಿದ್ದರೆ ಎಡಗಡೆ ಮುಟ್ಟೋದು ಕಷ್ಟ."

"ಸ್ಕ್ಯಾನಲ್ಲಿ ಕಾಣದೆ ಇರೋದು ಏನಾದ್ರೂ ಇದ್ರೆ?"

"ಶ್ವಾಸಕೋಶದ ಗಾಳಿ ಇಳಿಸಿ ಬೆರಳಲ್ಲಿ ಪೂರ್ತಿ ಸವರಿ ನೋಡ್ತೀವಿ. ಗಟ್ಟಿಯಾಗಿ ಸಿಕ್ಕಿದ್ದನ್ನೆಲ್ಲ ತೆಗೀತೀವಿ. ಆಮೇಲೆ ಎದೆಯೊಳಗೆ ನೀರು ಹಾಕಿ, ಗಾಳಿ ತುಂಬಿಸಿ, ಗುಳ್ಳೆ ಬರುತ್ತಾ ಅಂತ ನೋಡ್ತೀವಿ."

ಅಕ್ಕ ಮೊದಲ ಬಾರಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. "ಕೈ ಹಾಕಿ ನೋಡೋರು ಅಂದ್ರೆ ನಂಬಬಹುದು" ಎಂದಳು. "ನೀರಲ್ಲಿ ಎಷ್ಟು ಸಲ ನೋಡ್ತೀರಿ ಮೇಡಂ? ಇವನಿಗೆ ಹೇಳಿಬಿಡಿ, ಇಲ್ಲಾಂದ್ರೆ ಊಟ ಮಾಡಲ್ಲ."

"ಪ್ಯಾಚ್ ಹಾಕ್ತೀರಾ?" ಎಂದ ಅನುಮಾನಪ್ಪ.

"ಇಲ್ಲ. ಸ್ಟೇಪಲ್ ಹೊಡೀತೀವಿ."

ಅನುಮಾನಪ್ಪನ ಮುಖ ಸುಣ್ಣದ ಗೋಡೆಯಂತಾಯಿತು. ಗಾಳಿ ತುಂಬುವ ವಸ್ತುವಿಗೆ ಪಿನ್ನು ಹೊಡೆಯುವುದೆಂದರೆ ಏನು? ಜೊತೆಗೆ ಬಂದಿದ್ದ ಭಾವ ಹಳೆಯ ಕುರ್ಚಿ ಮೇಜು ಕೊಂಡು ಮಾರುವವನು; ಯಾವ ವಸ್ತು ಕಂಡರೂ ಬೆರಳಿನಿಂದ ಟಕಟಕ ಬಡಿದು ನೋಡುವುದು ಅವನ ಚಾಳಿ. ಸರ್ಜನ್‌ರ ಮೇಜನ್ನು ಎರಡು ಸಲ ಬಡಿದು, "ಪಿನ್ನು ಒಳ್ಳೇ ಕಂಪನಿ ಮಾಲು ತಾನೇ?" ಎಂದು ಕೇಳಿದ. ಒಳ್ಳೆಯದೇ ಎಂದರು ಸರ್ಜನ್.

ಆಪರೇಷನ್ ಆಯಿತು. ಸ್ಕ್ಯಾನಿನಲ್ಲಿ ಮೂರು ಎಂದಿದ್ದದ್ದು ಕೈಗೆ ನಾಲ್ಕು ಸಿಕ್ಕಿತಂತೆ, ನಾಲ್ಕನ್ನೂ ತೆಗೆದರಂತೆ. ಅಕ್ಕನನ್ನು ವಾರ್ಡಿಗೆ ತಂದಾಗ ಅವಳ ಪಕ್ಕೆಯಿಂದ ಹೊರಟ ಪಾರದರ್ಶಕ ಪೈಪೊಂದು ಮಂಚದ ಕೆಳಗಿನ ಬಾಟಲಿಯವರೆಗೆ ಇಳಿದಿತ್ತು. ಬಾಟಲಿಯಲ್ಲಿ ನೀರು. ಪೈಪಿನ ತುದಿ ನೀರಿನೊಳಗೆ. ಅಕ್ಕ ಉಸಿರು ಬಿಟ್ಟಾಗಲೆಲ್ಲ ಆ ತುದಿಯಿಂದ ಗುಳುಗುಳು ಎಂದು ಗುಳ್ಳೆಗಳು ಎದ್ದವು.

ಅನುಮಾನಪ್ಪ ಮಂಚದ ಕೆಳಗೆ ಬಗ್ಗಿದ. ಈ ಲೋಕದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ದೃಶ್ಯ ಅದೊಂದೇ.

"ಸೋರ್ತಿದೆ" ಎಂದ ನರ್ಸ್‌ಗೆ.

"ಸ್ವಲ್ಪ ಸೋರುತ್ತೆ. ತಾನಾಗೇ ಮುಚ್ಚಿಕೊಳ್ಳುತ್ತೆ."

"ತಾನಾಗೇನಾ?"

ತಾನಾಗೇ ಮುಚ್ಚಿಕೊಂಡ ಪಂಕ್ಚರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು, ಬಾಟಲಿಗೆ ಎದುರಾಗಿ ಕೂತ. ಅವತ್ತು ಕೂತವನು ಮುಂದೆ ಬೆಳಗಾದರೆ ಅಲ್ಲೇ, ಸಂಜೆಯಾದರೂ ಅಲ್ಲೇ. ಅಕ್ಕ ಮೇಲಿನಿಂದ ನೀರು ಕೇಳಿದರೆ ಬಾಟಲಿಯಿಂದ ಕಣ್ಣು ತೆಗೆಯದೆ ಲೋಟ ಎತ್ತಿ ಕೊಡುತ್ತಿದ್ದ. ಒಂದೊಂದು ಸಲ ಅದು ಅವಳ ಬಾಯಿಗೆ ಬದಲು ಕಿವಿಯ ಹತ್ತಿರ ಹೋಗುತ್ತಿತ್ತು.

"ಲೋ, ನಾನು ಇಲ್ಲಿ ಮೇಲಿದೀನಿ ಕಣೋ" ಎನ್ನುತ್ತಿದ್ದಳು ಅಕ್ಕ.

"ಗೊತ್ತು ಅಕ್ಕ, ಸುಮ್ನಿರು. ಈಗ ಸಣ್ಣದು ಬಂತು."

ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಇದ್ದ. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು, ಅವನಿಗೂ ಎದೆಯಿಂದ ಪೈಪು, ಅವನಿಗೂ ಬಾಟಲಿ. ಅನುಮಾನಪ್ಪ ಏನು ಕೆಲಸದವನೆಂದು ತಿಳಿದ ಕೂಡಲೇ ಅವನು ಎದ್ದು ಕೂತ.

"ಹಾಗಾದ್ರೆ ನಂದೂ ಒಂದು ನೋಡಿಬಿಡಪ್ಪ."

ನೋಡಬಾರದಿತ್ತು. ಆದರೆ ಕೇಳಿದವರಿಗೆ ಇಲ್ಲವೆನ್ನುವ ಧೈರ್ಯ ಅನುಮಾನಪ್ಪನಿಗೆ ಯಾವ ಕಾಲಕ್ಕೂ ಇರಲಿಲ್ಲ. ಬಗ್ಗಿ ನೋಡಿ, ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿ, "ನನಗೇನೂ ಕಾಣ್ತಿಲ್ಲ. ಆದ್ರೆ ನನ್ನ ಮಾತು ನಂಬಬೇಡಿ" ಎಂದ. ಅದೇ ಮಧ್ಯಾಹ್ನ ಡಾಕ್ಟರು ಬಂದು ಕಂಡಕ್ಟರನ ಪೈಪು ತೆಗೆದುಬಿಟ್ಟರು. ಡಾಕ್ಟರಿಗೆ ಅದು ಮೊದಲೇ ಗೊತ್ತಿತ್ತು, ಬೆಳಗ್ಗೆಯೇ ಹೇಳಿಯೂ ಇದ್ದರು. ಆದರೆ ವಾರ್ಡಿನಲ್ಲಿ ಹಬ್ಬಿದ ಸುದ್ದಿ ಬೇರೆ. ಪಂಕ್ಚರಿನವನು ನೋಡಿದರೆ ಪೈಪು ಬಿಚ್ಚುತ್ತಾರೆ.

ಮಾರನೇ ದಿನದಿಂದ ಜನ ಬಾಟಲಿ ಹಿಡಿದುಕೊಂಡು ಬರತೊಡಗಿದರು. ನೀಲಿ ಗೌನು ಹಾಕಿಕೊಂಡು, ಬಾಟಲಿಯನ್ನು ಮಗುವಿನ ಹಾಗೆ ಸೊಂಟಕ್ಕಿಂತ ಕೆಳಗೆ ಜೋಪಾನವಾಗಿ ಹಿಡಿದು, ಒಬ್ಬರ ಹಿಂದೆ ಒಬ್ಬರು. ಪೈಪು ಹೋಗಿ ಕೈ ಖಾಲಿಯಾಗಿದ್ದ ಕಂಡಕ್ಟರ್ ಸಾಲಿನ ಉಸ್ತುವಾರಿ ವಹಿಸಿಕೊಂಡ. "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಒಳಗೆ ಜಾಗ ಇದೆ." ಎದುರಿನ ವಾರ್ಡಿನ ಹೆಂಗಸೊಬ್ಬಳು ಮೂತ್ರದ ಚೀಲ ತಂದಿದ್ದಳು. ಅದು ತನ್ನ ಕೆಲಸವಲ್ಲ ಎಂದು ಹೇಳಲು ಅನುಮಾನಪ್ಪನಿಗೆ ಸಂಕೋಚವಾಗಿ, ಅದನ್ನೂ ಎರಡು ಸಲ ನೋಡಿದ.

ಅಂಗಡಿ ಮುಚ್ಚಿದ್ದರಿಂದ ಗಿರಾಕಿಗಳೂ ಆಸ್ಪತ್ರೆಗೇ ಬಂದರು. ಅಕ್ಕನನ್ನು ನೋಡಿದ ಹಾಗೂ ಆಗುತ್ತದೆ, ಕೆಲಸವೂ ಆಗುತ್ತದೆ. ಗಣಿತದ ಮೇಷ್ಟ್ರೊಬ್ಬರು ಚೀಲದಲ್ಲಿ ಟ್ಯೂಬು ತಂದರು; ಅನುಮಾನಪ್ಪ ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿ ನೋಡಿ ಪ್ಯಾಚ್ ಹಾಕಿ ಕೊಟ್ಟ. ಬಕೆಟ್ಟಿನಲ್ಲಿ ಸೈಕಲ್ ಟ್ಯೂಬು ಕಂಡ ನರ್ಸ್ ಬಾಗಿಲಲ್ಲೇ ನಿಂತುಬಿಟ್ಟಳು.

"ಇದು ಯಾವ ಪೇಷೆಂಟಿಂದು?"

"ಹೊರರೋಗಿ" ಎಂದ ಕಂಡಕ್ಟರ್.

ಬಂದವರೆಲ್ಲ ಮೊದಲು ಮಂಚದ ಕೆಳಗೆ ಬಗ್ಗಿ ಬಾಟಲಿಯ ಯೋಗಕ್ಷೇಮ ನೋಡುತ್ತಿದ್ದರು. "ನಿನ್ನೆಗಿಂತ ವಾಸಿ", "ಇಲ್ಲ, ಸ್ವಲ್ಪ ಬಾಡಿದೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಭಾವ ದಿನವೂ ಬಂದು ಬಾಟಲಿಯನ್ನು ಟಕಟಕ ಬಡಿದು, ತಲೆಯಾಡಿಸಿ, ಹೆಂಡತಿಗೆ ಒಂದು ಮಾತೂ ಹೇಳದೆ ವಾಪಸು ಹೋಗುತ್ತಿದ್ದ. ಮೇಷ್ಟ್ರಂತೂ ಹೊರಡುವಾಗ ಬಾಟಲಿಗೇ ಕೈಮುಗಿದು "ಬರ್ತೀನಮ್ಮ" ಎಂದರು.

ಗುಳ್ಳೆ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಸರ್ಜನ್ ಬಂದು ಬಾಟಲಿ ನೋಡಿ, ಎಕ್ಸ್‌ರೇ ನೋಡಿ, "ಇನ್ನೂ ಸೋರ್ತಾನೇ ಇದೆ. ಇದು ಹೀಗೇ ಇದ್ದರೆ ಎಡಗಡೆಯ ವಿಷಯ ಯೋಚನೆ ಮಾಡಬೇಕಾಗುತ್ತೆ" ಎಂದು ಹೋದರು. ಅನುಮಾನಪ್ಪ ತನ್ನ ಲೆಕ್ಕ ಹಾಕಿದ. ಎಡಗಡೆ ಒಂದು ಚುಕ್ಕೆ ಹಾಗೇ ಉಳಿದರೆ ಟಯರಿನೊಳಗೆ ಮುಳ್ಳು ಬಿಟ್ಟು ಗಾಡಿ ಕಳಿಸಿದ ಹಾಗೆ. ಅಂಥ ಕೆಲಸ ಅಕ್ಕನಿಗೆ ಆಗಿಬರುವುದಿಲ್ಲ.

ಆಗ ಅವನಿಗೆ ಹೊಳೆಯಿತು: ಸೋರುತ್ತಿರುವುದು ಅಕ್ಕನೇ ಎಂದು ಯಾರು ಹೇಳಿದ್ದು? ಪೈಪಿನ ಜೋಡಣೆ ಸೋರುತ್ತಿರಬಾರದೇಕೆ? ಅಂಗಡಿಯಲ್ಲಿ ತೂತು ಎಲ್ಲಿದೆಯೆಂದು ತಿಳಿಯದಿದ್ದರೆ ಟ್ಯೂಬನ್ನು ನಡುವೆ ಮಡಿಸಿ, ಹಳೇ ರಬ್ಬರಿನ ಪಟ್ಟಿಯಿಂದ ಕಟ್ಟಿ, ಒಂದೊಂದೇ ಅರ್ಧವನ್ನು ನೋಡುವುದು ವಾಡಿಕೆ. ಪಟ್ಟಿ ಜೇಬಿನಲ್ಲೇ ಇತ್ತು. ಅಕ್ಕನ ಪಕ್ಕೆಯ ಹತ್ತಿರ ಪೈಪನ್ನು ಮಡಿಸಿ ಕಟ್ಟಿದ. ಇದಾದ ಮೇಲೂ ಗುಳ್ಳೆ ಬಂದರೆ ತಪ್ಪು ಪೈಪಿನದು, ಅಕ್ಕ ಗಟ್ಟಿ.

ಗುಳ್ಳೆ ನಿಂತಿತು.

ಅದರ ಅರ್ಥ ಆ ವಾರ್ಡಿನಲ್ಲಿ ಅವನೊಬ್ಬನಿಗೆ ಮಾತ್ರ ತಿಳಿಯಿತು. ಪೈಪಿನಲ್ಲಿ ದೋಷವಿಲ್ಲ; ತೂತು ಅಕ್ಕನೊಳಗೇ ಇದೆ. ಬಿಚ್ಚಲೆಂದು ಕೈ ಚಾಚಿದ. ಅಷ್ಟರಲ್ಲಿ ಕಂಡಕ್ಟರ್ ಬಗ್ಗಿ ನೋಡಿ, ಇಡೀ ವಾರ್ಡಿಗೆ ಕೇಳುವ ಹಾಗೆ "ನಿಂತಿದೆ ಕಣ್ರೀ" ಎಂದ. ಸಾಲಿನಲ್ಲಿದ್ದವರೆಲ್ಲ ತಂತಮ್ಮ ಬಾಟಲಿಗಳೊಂದಿಗೆ ನುಗ್ಗಿದರು. ಯಾರೋ ಚಪ್ಪಾಳೆ ತಟ್ಟಿದರು. ಭಾವ ಬಾಟಲಿ ಬಡಿದು ನೋಡಿ, ಹೆಂಡತಿಯ ಪಾದ ಹಿಡಿದುಕೊಂಡು ಅಳತೊಡಗಿದ. ಅಕ್ಕ ನಕ್ಕಳು. ಆಪರೇಷನ್ ಆದ ಮೇಲೆ ಅದೇ ಮೊದಲ ನಗು.

ಆ ನಗು ನೋಡಿದ ಮೇಲೆ ಬಿಚ್ಚಲು ಅನುಮಾನಪ್ಪನಿಗೆ ಕೈ ಬರಲಿಲ್ಲ. ಇನ್ನೊಂದು ನಿಮಿಷ ನಗಲಿ, ಆಮೇಲೆ ಬಿಚ್ಚೋಣ ಎಂದುಕೊಂಡ. ಬಿಸ್ಕತ್ತಿನ ಪೊಟ್ಟಣ ಬಂತು. ಯಾರೋ ಅವನ ಕೈ ಕುಲುಕಿದರು, ಇನ್ಯಾರೋ ತಬ್ಬಿಕೊಂಡರು. ಬದುಕಿನುದ್ದಕ್ಕೂ ಎಲ್ಲವನ್ನೂ ಎರಡೆರಡು ಸಲ ನೋಡಿದವನಿಗೆ, ಒಂದು ಸಲವೂ ನೋಡದೆ ಹಿಗ್ಗುತ್ತಿದ್ದವರ ನಡುವೆ ನಿಂತಾಗ, ಇವರೆಲ್ಲ ಹೇಳುವುದೇ ನಿಜವಿರಬಹುದೇ ಎನಿಸಿತು.

"ಲೋ" ಎಂದಳು ಅಕ್ಕ. ದನಿ ಮೂಗಿನಿಂದ, ಸಣ್ಣ ಮಗುವಿನ ದನಿಯಂತೆ ಬಂತು. "ಕುತ್ತಿಗೆ ಬಿಗೀತಿದೆ."

ಅವನು ನೋಡಿದ. ಅಕ್ಕನ ಕುತ್ತಿಗೆ ದಪ್ಪವಾಗಿತ್ತು. ಗಲ್ಲ ದಪ್ಪವಾಗಿತ್ತು. ನೋಡುತ್ತಿದ್ದ ಹಾಗೇ ಕಣ್ಣಿನ ರೆಪ್ಪೆಗಳು ಉಬ್ಬಿ, ಕಣ್ಣು ಸಣ್ಣ ಗೆರೆಯಾಯಿತು. ಅವಳ ಹೆಗಲು ಮುಟ್ಟಿದರೆ ಚರ್ಮದ ಕೆಳಗೆ ಚರಚರ ಎಂದಿತು. ಗಾಳಿ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಅಕ್ಕನೊಳಗೇ ದಾರಿ ಮಾಡಿಕೊಳ್ಳುತ್ತಿತ್ತು. ತಾನು ಅಕ್ಕನಿಗೆ ಗಾಳಿ ಹೊಡೆದುಬಿಟ್ಟಿದ್ದೇನೆ ಎಂದು ಅನುಮಾನಪ್ಪನಿಗೆ ಅರ್ಥವಾದಾಗ, ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಬಿಸ್ಕತ್ತು ತಿನ್ನುತ್ತಿದ್ದವರನ್ನೆಲ್ಲ ತಳ್ಳಿಕೊಂಡು ನರ್ಸ್ ಬಂದಳು. ಪೈಪಿನ ಮೇಲೆ ಕೈಯಾಡಿಸಿ, ಕಪ್ಪು ರಬ್ಬರಿನ ಪಟ್ಟಿ ಸಿಕ್ಕಿದ್ದೇ ಎಳೆದು ಬಿಚ್ಚಿದಳು. ಬಾಟಲಿಯಲ್ಲಿ ಸೋಡಾ ಒಡೆದ ಹಾಗೆ ಗುಳ್ಳೆಗಳು ಎದ್ದವು. ಆಮ್ಲಜನಕ ಬಂತು, ಸರ್ಜನ್ ಬಂದರು, ಎಕ್ಸ್‌ರೇ ಯಂತ್ರ ಗಾಲಿಗಳ ಮೇಲೆ ಬಂತು. ಬಾಟಲಿಯವರೆಲ್ಲ ತಮ್ಮ ತಮ್ಮ ಮಂಚಗಳಿಗೆ ಹೋಗಿ, ಮುಸುಕು ಹಾಕಿಕೊಂಡು, ಎಂದೂ ಎದ್ದೇ ಇಲ್ಲದವರ ಹಾಗೆ ಮಲಗಿದರು.

ಅಕ್ಕನ ಉಸಿರು ಹತೋಟಿಗೆ ಬಂದ ಮೇಲೆ ಸರ್ಜನ್ ಅನುಮಾನಪ್ಪನನ್ನು ಹೊರಗೆ ಕರೆದರು. ಕೈಯಲ್ಲಿ ರಬ್ಬರಿನ ಪಟ್ಟಿ ಇತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮ್ಮ ಅಂಗಡಿಯಲ್ಲಿ ಗಾಳಿ ಒಳಗೆ ಇರಬೇಕು. ಇಲ್ಲಿ ಹೊರಗೆ ಹೋಗಬೇಕು. ಗುಳ್ಳೆ ಕಂಡರೆ ನಿಮಗೆ ಕೆಲಸ ಕೆಟ್ಟಿದೆ ಅನ್ನಿಸುತ್ತೆ. ನನಗೆ ಪೈಪು ಕೆಲಸ ಮಾಡ್ತಿದೆ ಅನ್ನಿಸುತ್ತೆ."

"ಇನ್ಮೇಲೆ ಮುಟ್ಟಲ್ಲ ಮೇಡಂ."

"ಮುಟ್ಟೋದು ಹಾಗಿರಲಿ. ನೋಡೋದೂ ಬೇಡ."

ಅಕ್ಕನ ಊತ ಇಳಿಯಲು ಕೆಲವು ದಿನ ಹಿಡಿಯಿತು. ಕಣ್ಣು ಸ್ವಲ್ಪ ತೆರೆಯುವಂತಾದ ಕೂಡಲೇ ಅವಳು ಸರ್ಜನ್‌ಗೆ ಹೇಳಿದ ಮೊದಲ ಮಾತು: "ಎಡಗಡೆ ಬೇಡ ಮೇಡಂ. ಇಷ್ಟೇ ಸಾಕು."

"ಈಗಲೇ ಏನೂ ತೀರ್ಮಾನ ಮಾಡಬೇಡಿ" ಎಂದು ಸರ್ಜನ್ ಹೋದರು. ಅನುಮಾನಪ್ಪ ಸ್ಟೂಲಿನ ತುದಿಯಲ್ಲಿ, ಬಾಟಲಿಗೆ ಬೆನ್ನು ತಿರುಗಿಸಿ ಕೂತಿದ್ದ. ಅದು ನರ್ಸ್‌ನ ಆಜ್ಞೆ.

"ನನ್ನಿಂದ ಬೇಡ ಅಂತಿದೀಯಾ?" ಎಂದ.

"ನಿನ್ನೊಬ್ಬನಿಂದ ಅಲ್ಲ."

"ಮುಳ್ಳು ಒಳಗೆ ಬಿಟ್ಟು ಟಯರು ಕಟ್ಟಬಾರದು ಅಂತ ನೀನೇ ಹೇಳ್ತಿದ್ದೆ."

"ಟಯರಿಗೆ ನೋವಾಗಲ್ಲ ಕಣೋ."

ಪ್ರತಿ ಉಸಿರಿಗೂ ಅವಳಿಗೆ ನೋವಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಉಸಿರಿಗೆ ಗುಳ್ಳೆ ಬರುತ್ತದೆಯೇ ಇಲ್ಲವೇ ಎಂದಷ್ಟೇ ಅವನು ನೋಡಿದ್ದ.

"ಇಲ್ಲಿಗೆ ಬಂದಾಗಿಂದ ನನ್ನ ಮುಖ ಯಾರಾದ್ರೂ ನೋಡಿದೀರಾ?" ಎಂದಳು ಅಕ್ಕ. "ನನ್ನ ಗಂಡ ದಿನಾ ಬಂದು ಆ ಬಾಟಲಿ ಬಡಿದು ಹೋಗ್ತಾರೆ. ಮೇಷ್ಟ್ರು ಅದಕ್ಕೆ ಕೈಮುಗಿದು ಹೋದ್ರು. ಇನ್ನೊಂದು ಕಡೆ ಕೊಯ್ಸಿಕೊಂಡು, ಇನ್ನೊಂದು ಬಾಟಲಿ ಹೆತ್ತು, ಅದಕ್ಕೆ ನೀವೆಲ್ಲ ಬಂದು ತೊಟ್ಟಿಲು ತೂಗೋದನ್ನ ನಾನು ಮಲಗಿಕೊಂಡು ನೋಡಬೇಕಾ?"

"ಇಲ್ಲ ಅಕ್ಕ."

"ನಾನು ಗೊಳೋ ಅಂತ ಅತ್ತೆ ಗೊತ್ತಾ, ಮೊನ್ನೆ. ನೀನು ಕೆಳಗಿಂದ, ಅಕ್ಕ ಅಲ್ಲಾಡಬೇಡ, ನೀರು ಕದಡುತ್ತೆ ಅಂದೆ."

ಅವನಿಗೆ ನೆನಪಾಯಿತು. ಆವತ್ತು ನೀರು ವಿಪರೀತ ಏರಿಳಿಯುತ್ತಿದೆ ಎಂದು ನರ್ಸ್‌ಗೆ ವರದಿಯನ್ನೂ ಮಾಡಿದ್ದ.

ಆಮೇಲೆ ಅವನು ಸ್ಟೂಲನ್ನು ತಲೆದಿಂಬಿನ ಪಕ್ಕಕ್ಕೆ ಎಳೆದುಕೊಂಡ. ಅಲ್ಲಿಂದ ಬಾಟಲಿ ಕಾಣುತ್ತಿರಲಿಲ್ಲ. ಗುಳುಗುಳು ಮಾತ್ರ ಕೇಳುತ್ತಿತ್ತು. ಮೊದಮೊದಲು ಎಲ್ಲಿ ನೋಡಬೇಕೆಂದು ತಿಳಿಯದೆ ಅವಳ ಹಣೆ ನೋಡಿದ, ಕಿವಿ ನೋಡಿದ. ಮುಖ ನೋಡುವುದು ಅಭ್ಯಾಸ ತಪ್ಪಿದ ಕೆಲಸವಾಗಿತ್ತು. ಯಾವ ಉಸಿರಿಗೆ ಹುಬ್ಬು ಗಂಟಿಕ್ಕುತ್ತದೆ, ಕೆಮ್ಮು ಬರುವ ಮುಂಚೆ ಕೆಳತುಟಿಯನ್ನು ಹೇಗೆ ಕಚ್ಚಿಕೊಳ್ಳುತ್ತಾಳೆ, ನೋವು ದಾಟಿದಾಗ ಮೂಗಿನ ತುದಿ ಹೇಗೆ ಸಡಿಲವಾಗುತ್ತದೆ, ಒಂದೊಂದಾಗಿ ತಿಳಿಯಿತು. ಹುಬ್ಬು ಗಂಟಿಕ್ಕಿದರೆ ದಿಂಬನ್ನು ಪಕ್ಕೆಗೆ ಒತ್ತಿ ಕೊಡುತ್ತಿದ್ದ. ಭಾವನಿಗೂ ಹೇಳಿದ, ಭಾವ ಬಾಟಲಿ ಬಡಿಯುವುದನ್ನು ಬಿಟ್ಟು, ಬೇರೇನು ಮಾಡಬೇಕೆಂದು ಗೊತ್ತಾಗದೆ, ಹೆಂಡತಿಯ ಕೈಯನ್ನೇ ಮೆಲ್ಲಗೆ ಎರಡು ಸಲ ಬಡಿದ. "ಗಟ್ಟಿಮುಟ್ಟಾಗಿದೀನಾ?" ಎಂದಳು ಅಕ್ಕ. "ಒಳ್ಳೇ ಮರ" ಎಂದ ಭಾವ.

ಹೀಗೆ ಯಾರೂ ನೋಡದಿದ್ದ ಹೊತ್ತಿನಲ್ಲಿ ಯಾವಾಗಲೋ ಗುಳುಗುಳು ನಿಂತುಹೋಗಿತ್ತು.

ಸರ್ಜನ್ ಬಂದು ಮಂಚದ ಕೆಳಗೆ ಬಗ್ಗಿದರು. ನರ್ಸ್ ಬಗ್ಗಿದಳು. ಮನೆಗೆ ಹೋಗಬಹುದೆಂದು ಹೇಳಿದ್ದರೂ ಹೋಗದೆ ಉಳಿದಿದ್ದ ಕಂಡಕ್ಟರೂ ಬಗ್ಗಿದ.

"ಒಮ್ಮೆ ಕೆಮ್ಮಿ ನೋಡೋಣ" ಎಂದರು ಸರ್ಜನ್.

ಅಕ್ಕ ಕೆಳತುಟಿ ಕಚ್ಚಿಕೊಂಡಳು. ಅನುಮಾನಪ್ಪ ದಿಂಬು ಒತ್ತಿ ಹಿಡಿದ. ಅವಳು ಕೆಮ್ಮಿದಳು, ಹುಬ್ಬು ಗಂಟಿಕ್ಕಿತು, ಕಣ್ಣಂಚಿನಲ್ಲಿ ನೀರು ಬಂತು, ಆಮೇಲೆ ನಿಧಾನವಾಗಿ ಮೂಗಿನ ತುದಿ ಸಡಿಲವಾಯಿತು.

"ಬಂತೇನೋ ಗುಳ್ಳೆ?" ಎಂದು ತಮ್ಮನನ್ನು ಕೇಳಿದಳು.

"ನೋಡಲಿಲ್ಲ" ಎಂದ ಅವನು.

ಅಕ್ಕ ಅವನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಗು ನೋಯಿಸಿತು, ನೋಯುತ್ತದೆ ಎಂಬುದಕ್ಕೇ ಇನ್ನೂ ನಗು ಬಂತು. ಬಾಟಲಿಯ ಪೈಪಿನೊಳಗೆ ನೀರು ಏರಿತು, ಇಳಿಯಿತು, ಒಂದು ಗುಳ್ಳೆಯೂ ಏಳಲಿಲ್ಲ. "ಖಾಲಿ ಇದೆ, ಹೋಗಬಹುದು" ಎಂದು ಕಂಡಕ್ಟರ್ ಕೆಳಗಿನಿಂದ ಹೇಳಿದ.

ಸರ್ಜನ್ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. "ನಾಳೆ ಎಕ್ಸ್‌ರೇ ನೋಡಿ ಪೈಪು ತೆಗೀತೀನಿ. ಎಡಗಡೆ ವಿಷಯ ನೀವು ಹೇಳಬೇಕು."

"ಬಲಗಡೆದು ಎಲ್ಲಾ ತೆಗೆದಿದೀರಾ ಮೇಡಂ? ಅಲ್ಲಿ ಇನ್ನೆಲ್ಲೂ ಇಲ್ವಾ?" ಎಂದಳು ಅಕ್ಕ.

"ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆದಿದೀನಿ. ಸಿಗದೇ ಇರೋದರ ಬಗ್ಗೆ ಮಾತು ಕೊಡೋಕೆ ಆಗಲ್ಲ."

ಗಿರಾಕಿಗಳಿಗೆ ಅಕ್ಕನೂ ಅದಕ್ಕಿಂತ ಹೆಚ್ಚು ಎಂದೂ ಹೇಳಿರಲಿಲ್ಲ. "ಮಾಡಿ ಹಾಗಾದ್ರೆ" ಎಂದಳು. "ಬಾಟಲಿಗೆ ಮಾತ್ರ ಒಂದು ಬಟ್ಟೆ ಮುಚ್ಚಿಬಿಡಿ."

ಸರ್ಜನ್ ಬಾಗಿಲವರೆಗೆ ಹೋಗಿದ್ದರು. ಅಕ್ಕ ತಮ್ಮನ ಕಡೆ ತಿರುಗಿದಳು. "ಏನೋ, ನಿನ್ನ ಸಮಾಧಾನಕ್ಕೆ ಇನ್ನೊಂದ್ಸಲ ಕೆಮ್ಮಲಾ? ಕರೀಲಾ ಅವರನ್ನ?"

ಅನುಮಾನಪ್ಪನ ಬೆರಳ ತುದಿಗಳಲ್ಲಿ ಹಳೇ ತುರಿಕೆ ಎದ್ದಿತು. ಸರ್ಜನ್ ಒಂದೇ ಸಲ ನೋಡಿದ್ದು. ಅದನ್ನೂ ಅವನು ನೋಡಿರಲಿಲ್ಲ.

"ನೋವಾಗುತ್ತಾ?"

"ಆಗುತ್ತೆ."

"ಹಾಗಾದ್ರೆ ಬೇಡ."

ಬಾಗಿಲ ಹೊರಗೆ ಗಣಿತದ ಮೇಷ್ಟ್ರು ಚಕ್ರವೊಂದನ್ನು ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಅನುಮಾನಪ್ಪ ಎದ್ದು ಹೋಗಿ ಅದನ್ನು ಇಸಿದುಕೊಂಡ. ಆಸ್ಪತ್ರೆಯ ಹಿತ್ತಲಿನ ನಲ್ಲಿಯ ಹತ್ತಿರ ಕೂತು, ಟಯರಿನೊಳಗೆ ಬೆರಳು ಹಾಕಿ ಸವರಿ ಮೊಳೆ ತೆಗೆದು, ಪ್ಯಾಚ್ ಹಾಕಿ, ಟ್ಯೂಬನ್ನು ನೀರಿನಲ್ಲಿ ಅದ್ದಿದ. ತೆಗೆದು ಒರೆಸಿದ. ಮೇಷ್ಟ್ರು ಹೊತ್ತಾಯಿತೆಂದು ನಿಂತಲ್ಲೇ ಕುಣಿಯುತ್ತಿದ್ದರು. ಅವನು ಅವರ ಮುಖವನ್ನೊಮ್ಮೆ ನೋಡಿ, ಯಾರಿಗೂ ನೋವಾಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಮ್ಮೆ ಮುಳುಗಿಸಿದ.